ಹುಲಿಕೆರೆಯಲ್ಲಿ ಇರದ ಸಾಧು

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತೆನೋ, ಎಷ್ಟು ಸಲ ಎದ್ದೆನೋ. ನಿವೃತ್ತನಾದ ಮೇಲೆ ಬರೆಯೋಣ ಅಂದುಕೊಂಡೆ, ನಿವೃತ್ತನಾದೆ. ಮಗಳ ಮದುವೆಯೊಂದು ಮುಗಿಯಲಿ ಅಂದುಕೊಂಡೆ. ಅದು ಮುಗಿದು, ಅವಳ ಮಗಳ ಮದುವೆಯೂ ಮುಗಿಯಿತು. ಕಣ್ಣಿನ ಪೊರೆ ತೆಗೆಸಿಕೊಂಡು ನೆಮ್ಮದಿಯಾಗಿ ಬರೆಯೋಣ ಅಂದುಕೊಂಡೆ. ಪೊರೆ ತೆಗೆಸಿದ ಮೇಲೆ ಪೇಪರಿನ ಸಣ್ಣಕ್ಷರವೂ ಕಾಣತೊಡಗಿ, ಬೆಳಗೆಲ್ಲ ಟೆಂಡರು ಪ್ರಕಟಣೆಗಳನ್ನು ಓದುತ್ತ ಕೂತೆ. ತಪ್ಪೊಪ್ಪಿಕೊಳ್ಳಬೇಕಾದ ಮನುಷ್ಯನಿಗೆ ಟೆಂಡರು ಪ್ರಕಟಣೆಯೂ ಎಷ್ಟು ರುಚಿಸುತ್ತದೆ ಎಂಬುದು ಅನುಭವವಿದ್ದವರಿಗೇ ಗೊತ್ತು.

ಕಳೆದ ವಾರ ಹಾಸನದಲ್ಲಿ ನನ್ನ ಕೊನೆಯ ದವಡೆ ಹಲ್ಲು ಕಿತ್ತರು. ಕಿತ್ತವಳು ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ. "ತಾತ, ನೋವಾದ್ರೆ ಎಡಗೈ ಎತ್ತಿ, ಆಯ್ತಾ?" ಎಂದಳು. ನಾನು ನೋವಾಗುವ ಮೊದಲೇ ಎತ್ತಿದೆ. ಅವಳು ನಕ್ಕು, ನನ್ನ ಗಮನ ಬೇರೆ ಕಡೆ ತಿರುಗಿಸಲೆಂದೋ ಏನೋ, "ಈ ಪಕ್ಕದ ಹಲ್ಲು ಯಾವಾಗ ತೆಗೆಸಿದ್ರಿ? ಯಾರ ಹತ್ರ?" ಎಂದು ಕೇಳಿದಳು. ಅಷ್ಟರಲ್ಲಿ ನನ್ನ ಬಾಯಲ್ಲಿ ಹತ್ತಿಯ ಉಂಡೆಗಳಿದ್ದವು. ಉತ್ತರ ಹೇಳುವುದು ತಪ್ಪಿತಲ್ಲ ಎಂದು ಆ ಹತ್ತಿಗೆ ಮನಸ್ಸಿನಲ್ಲೇ ಕೈಮುಗಿದೆ. ಮರುಕ್ಷಣವೇ ನಾಚಿಕೆಯಾಯಿತು. ಎಂಬತ್ತು ದಾಟಿದ ಮುದುಕ, ಹಲ್ಲು ಕಿತ್ತವರ ಹೆಸರು ಹೇಳಲೂ ಹೆದರುವುದೇ? ವಾಪಸು ಬರುವ ಬಸ್ಸು ಹಾರನಹಳ್ಳಿ ದಾಟಿ ಅರಸೀಕೆರೆಯ ತೆಂಗಿನ ತೋಟಗಳು ಕಾಣಿಸುವ ಹೊತ್ತಿಗೆ, ಇನ್ನು ಮುಂದೂಡುವುದು ಬೇಡ ಎಂದು ತೀರ್ಮಾನಿಸಿದೆ. ಮೊನ್ನೆ ಬಾಯಲ್ಲಿ ಹೇಳಿಯಾಯಿತು. ಈಗ ಬರೆಯುವುದು ಅದಕ್ಕಿಂತ ಸುಲಭವಾಗಿದೆ. ಉಸಿರು ಕೂಡ ಚೆನ್ನಾಗಿ ಆಡುತ್ತಿದೆ.

ಉಸಿರಿನ ಮಾತು ಸುಮ್ಮನೆ ಆಡಲಿಲ್ಲ. ಹುಡುಗನಾಗಿದ್ದಾಗ ನನಗೆ ಉಬ್ಬಸವಿತ್ತು. ನಮ್ಮ ತಂದೆ ಅರಸೀಕೆರೆ ಜಂಕ್ಷನ್ನಿನಲ್ಲಿ ಗೂಡ್ಸ್ ಕ್ಲರ್ಕು. ಮನೆ ಗೂಡ್ಸ್ ಷೆಡ್ಡಿನ ಪಕ್ಕದ ಕ್ವಾರ್ಟರ್ಸಿನಲ್ಲಿ. ಒಂದು ಕಡೆ ಎಂಜಿನ್ನಿನ ಹೊಗೆ, ಇನ್ನೊಂದು ಕಡೆ ಕೊಬ್ಬರಿ ಚೀಲಗಳ ಧೂಳು. ಮೈಸೂರಿನ ಗಾಡಿ ದಿಬ್ಬವೇರುವಾಗ ಹೇಗೆ ಏದುಸಿರು ಬಿಡುತ್ತಿತ್ತೋ ನಾನೂ ಹಾಗೇ ಬಿಡುತ್ತಿದ್ದೆ. ಗಾಡಿಗಾದರೂ ನೀರು ಕುಡಿಸಿದರೆ ಸರಿಹೋಗುತ್ತಿತ್ತು. ನನಗೆ ಅಮ್ಮ ಕುಡಿಸದೆ ಬಿಟ್ಟದ್ದಿಲ್ಲ: ಆಡುಸೋಗೆ ಕಷಾಯ, ತುಳಸಿ ರಸ, ಮೆಣಸಿನ ಸಾರು, ಕೊನೆಗೆ ಯಾರೋ ಹೇಳಿದರೆಂದು ಅರಿಸಿನ ಕೊಂಬು ಸುಟ್ಟ ಹೊಗೆ. ಆ ಹೊಗೆ ಎಳೆದ ದಿನ ನಾನು ಕೆಮ್ಮಿದ ಕೆಮ್ಮಿಗೆ ಪಕ್ಕದ ಮನೆಯ ಪಾಯಿಂಟ್ಸ್‌ಮನ್ ಕೆಂಪು ಬಾವುಟ ಹಿಡಿದುಕೊಂಡೇ ಓಡಿಬಂದಿದ್ದ. ಎಸ್ಸೆಸ್ಸೆಲ್ಸಿ ಮೊದಲ ಸಲ ಫೇಲಾದಾಗ ಉಬ್ಬಸವೇ ಕಾರಣ ಎಂದು ಮನೆಯವರು ನಂಬಿದರು. ಗಣಿತದ ಪಾತ್ರವೂ ಇತ್ತು, ನಾನು ಬಾಯಿಬಿಡಲಿಲ್ಲ.

ಹಲ್ಲುನೋವು ಬಂದದ್ದು ಆ ವರ್ಷವೇ. ಸ್ಟೇಷನ್ ರಸ್ತೆಯಲ್ಲಿ ಒಬ್ಬರು ಚೀನಾ ಡಾಕ್ಟ್ರು ಇದ್ದರು. ಅಂಗಡಿಯ ಬೋರ್ಡಿನ ಮೇಲೆ ತುಟಿಯಿಲ್ಲದ ದೊಡ್ಡ ಬಾಯೊಂದು ತೆರೆದುಕೊಂಡಿತ್ತು. ಕೆಳಗೆ 'ಚೈನಾ ಹಲ್ಲಿನ ಡಾಕ್ಟರ್' ಎಂದು ಬರೆಸಿದ್ದರು. ಗಾಜಿನ ಬೀರುವಿನಲ್ಲಿ ಕಿತ್ತ ಹಲ್ಲುಗಳ ಒಂದು ಜಾಡಿ. ಸ್ಕೂಲಿಗೆ ಹೋಗುವಾಗ ನಾವು ಅದರ ಮುಂದೆ ನಿಂತು, ಇದು ಯಾರದು, ಅದು ಯಾರದು ಎಂದು ಗುರುತಿಸುತ್ತಿದ್ದೆವು. ಎಲೆಅಡಿಕೆಯ ಕರೆ ಹಿಡಿದ ಎಲ್ಲಕ್ಕಿಂತ ದೊಡ್ಡ ಹಲ್ಲು ಗಣಿತದ ಮೇಷ್ಟ್ರದೆಂದು ಒಮ್ಮತದಿಂದ ಒಪ್ಪಿಕೊಂಡಿದ್ದೆವು.

ಡಾಕ್ಟ್ರು ಕಲ್ಕತ್ತೆಯಲ್ಲಿ ಹಲ್ಲಿನ ಕೆಲಸ ಕಲಿತು, ಕೆಲಸ ಹುಡುಕಿಕೊಂಡು ರೈಲಿನಲ್ಲಿ ಹೊರಟು, ಗಾಡಿ ಬದಲಾಯಿಸಲು ನಮ್ಮ ಜಂಕ್ಷನ್ನಿನಲ್ಲಿ ಇಳಿದರಂತೆ. ಪ್ಲಾಟ್‌ಫಾರಮ್ಮಿನಲ್ಲಿ ಹಲ್ಲುನೋವಿನ ಗಾರ್ಡ್ ಒಬ್ಬ ಸಿಕ್ಕಿದನಂತೆ. ಅವನದು ಮುಗಿಸುವಷ್ಟರಲ್ಲಿ ಗಾಡಿ ಹೊರಟುಹೋಯಿತು, ಇವರು ಉಳಿದರು. ಕನ್ನಡ ಕಲಿತದ್ದು ಕೊಬ್ಬರಿ ಮಂಡಿಯ ಹಮಾಲಿಗಳಿಂದ. ಅಮ್ಮ ನನ್ನನ್ನು ಕರೆದುಕೊಂಡು ಹೋದ ದಿನ ಅವರು ನನ್ನ ಗಲ್ಲ ಮುಟ್ಟಿ ನೋಡಿ, "ಯಾಕವ್ವಾ, ಇಷ್ಟ್ ಊದ್ಕಳ್ಳೋಗಂಟ ಬಿಟ್ಕಂಡಿದ್ದೀ?" ಎಂದರು. ದೇವಸ್ಥಾನದ ಪರಿಚಾರಕರ ಮನೆಯಲ್ಲಿ ಬೆಳೆದ ಅಮ್ಮ ಬೆಚ್ಚಿ ಸೆರಗು ಎಳೆದುಕೊಂಡರು. ಅವರು ಚೀನೀ ಭಾಷೆಯಲ್ಲಿ ಮಾತಾಡಿದ್ದರೆ ಅಮ್ಮನಿಗೆ ಅಷ್ಟು ಆಶ್ಚರ್ಯವಾಗುತ್ತಿರಲಿಲ್ಲ.

ಹಲ್ಲು ಕಿತ್ತು ಬಂತು. ನಾನು ಅತ್ತೆ. ಅತ್ತು ಅತ್ತು ಉಬ್ಬಸ ಕೆರಳಿತು. ಡಾಕ್ಟ್ರು ಇಕ್ಕಳ ಕೆಳಗಿಟ್ಟು, ತಲೆ ಓರೆಮಾಡಿ, ನನ್ನ ಎದೆಯ ಸದ್ದನ್ನೇ ಕೇಳುತ್ತ ನಿಂತರು. ಆಮೇಲೆ ಅಮ್ಮನಿಗೆ, "ಹಲ್ಲು ಇವತ್ತಿಗೆ ಮುಗೀತು. ಇದು ಮುಗಿದಿಲ್ಲ. ನಾಳೆ ಬೆಳಿಗ್ಗೆ ಐದ್ ಗಂಟೇಗೆ ಕಳ್ಸು," ಎಂದರು.

"ಔಷಧಿ ಏನಾದ್ರೂ ಕೊಡ್ತೀರಾ?" ಅಮ್ಮ ಕೇಳಿದರು.

"ಇಲ್ಲವ್ವ. ನಿಲ್ಲಿಸ್ತೀನಿ."

ಉಬ್ಬಸ ನಿಲ್ಲಿಸುತ್ತಾರೆಂದು ಅಮ್ಮ ತಿಳಿದರು. ಮಾರನೆಯ ಬೆಳಿಗ್ಗೆ ಹೋದರೆ ಅಂಗಡಿಯ ಹಿಂದಿನ ಹಿತ್ತಲಿನಲ್ಲಿ ಅವರು ನಿಲ್ಲಿಸಿದ್ದು ನನ್ನನ್ನು. ಮಂಡಿ ಸ್ವಲ್ಪ ಬಗ್ಗಿಸಿ, ಎದೆಯ ಮುಂದೆ ದೊಡ್ಡ ಕೊಡವೊಂದನ್ನು ಅಪ್ಪಿಕೊಂಡಂತೆ ಎರಡು ತೋಳನ್ನೂ ದುಂಡಗೆ ಹಿಡಿದು, ಸುಮ್ಮನೆ ನಿಲ್ಲಬೇಕು. ಕೊಡವಿಲ್ಲ, ನೀರಿಲ್ಲ; ತೋಳು ಮಾತ್ರ ಕೊಡ ಹೊತ್ತವರಿಗಿಂತ ಹೆಚ್ಚು ನೋಯುತ್ತಿತ್ತು. ಮೂರು ತಿಂಗಳು ಇದೇ ಪಾಠ. "ಮುಂದೇನು ಕಲಿಸ್ತೀರಾ?" ಎಂದು ಒಂದು ದಿನ ಕೇಳಿದೆ. "ಉಸಿರು ಕೆಳಕ್ಕೆ ಹೋಗ್ಲಿ. ಎದೇಲಿ ಇಟ್ಕಂಡು ಏನ್ ಮಾಡ್ತೀಯ?" ಎಂದರು. ಹಿತ್ತಲಿನಲ್ಲಿ ಒಂದು ನುಗ್ಗೆ ಮರವಿತ್ತು. ಆ ಮೂರು ತಿಂಗಳಲ್ಲಿ ಅದು ಹೂ ಬಿಟ್ಟು, ಕಾಯಿ ಬಿಟ್ಟು, ಡಾಕ್ಟ್ರು ಸಾರು ಮಾಡಿಕೊಂಡು ಉಂಡೂ ಆಯಿತು. ನಾನು ನಿಂತೇ ಇದ್ದೆ. ಆದರೆ ಆ ಚಳಿಗಾಲದಲ್ಲಿ ಉಬ್ಬಸ ಬರಲಿಲ್ಲ. ಅಮ್ಮ ಒಂದು ಬೆಳಿಗ್ಗೆ ಕಾಫಿ ಸೋಸುತ್ತ, "ಸೀನ, ನೀನು ರಾತ್ರಿ ಸದ್ದೇ ಮಾಡ್ಲಿಲ್ಲ ಕಣೋ," ಎಂದು ಹೇಳಿ, ಕಣ್ಣೊರೆಸಿಕೊಂಡು, ಮಾರನೆಯ ದಿನದಿಂದ ಡಾಕ್ಟ್ರಿಗೆ ಒಂದು ಲೋಟ ಕಾಫಿ ಕಳಿಸತೊಡಗಿದರು. ಲೋಟವನ್ನು ಬೇರೆಯಾಗಿ ತೊಳೆದಿಡುತ್ತಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು.

ಐದು ವರ್ಷ ಕಲಿತೆ. ಎಸ್ಸೆಸ್ಸೆಲ್ಸಿಯೂ ಆಯಿತು, ಆದರೆ ಅದನ್ನು ಅಷ್ಟು ಚೆನ್ನಾಗಿ ಕಲಿತೆನೆಂದು ಹೇಳಲಾರೆ. ನಿಲ್ಲುವುದಾದ ಮೇಲೆ ನಡೆಯುವುದು, ನಡೆಯುವುದಾದ ಮೇಲೆ ನಿಧಾನವಾಗಿ ಕೈಕಾಲು ಆಡಿಸುವ ವರಸೆಗಳು, ಆಮೇಲೆ ಎದುರಿನವನು ತಳ್ಳಿದರೆ ಎದುರು ತಳ್ಳದೆ ಅವನ ಬಲದಿಂದಲೇ ಅವನನ್ನು ಬೀಳಿಸುವುದು. ಉಳುಕಿದ ಜಾಗವನ್ನು ಬೆರಳಿನಲ್ಲಿ ಹುಡುಕುವುದು, ಅಂಗೈ ಬಿಸಿಯಾಗುವಷ್ಟು ಉಜ್ಜಿ ಅಲ್ಲಿಡುವುದು, ಬೇರು ತೊಗಟೆ ನೆನೆಸಿಟ್ಟ ಕಂದು ಬಣ್ಣದ ಔಷಧಿಯನ್ನು ಎಷ್ಟು ಹಚ್ಚಬೇಕು, ಎಲ್ಲಿ ಹಚ್ಚಬಾರದು ಎಂಬುದು. ಹಲ್ಲು ಕೀಳಿಸಿಕೊಳ್ಳಲು ಬಂದವರಿಗಿಂತ ಭುಜ ಹಿಡಿದುಕೊಂಡು ಬರುತ್ತಿದ್ದ ಹಮಾಲಿಗಳೇ ಹೆಚ್ಚು.

ಆಗ ನಮ್ಮೂರಲ್ಲಿ ಒಂದು ಗರಡಿ ಮನೆಯಿತ್ತು. ಅಲ್ಲಿನ ಉಸ್ತಾದ್ ಸಿದ್ದಪ್ಪನವರ ಭುಜವನ್ನೂ ಡಾಕ್ಟ್ರು ಸರಿಮಾಡಿದ್ದರು. ಗರಡಿಯಲ್ಲಿ ಒಂದು ಪದ್ಧತಿ. ಹೊರಗಿನವರು ಯಾರೇ ಬಂದು ತಮ್ಮ ವಿದ್ಯೆ ತೋರಿಸಬೇಕಾದರೂ ಮೊದಲು ಮಣ್ಣು ಮುಟ್ಟಿ, ಗುರುವಿನ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹೆಸರು ಹೇಳದವನು ಕುಸ್ತಿಯ ಮಣ್ಣಿಗೆ ಇಳಿಯುವಂತಿಲ್ಲ. ಒಂದು ದಸರೆಯ ದಿನ ಸಿದ್ದಪ್ಪನವರು ಡಾಕ್ಟ್ರನ್ನು ಕರೆಸಿದರು. "ಏನ್ ಡಾಕ್ಟ್ರೇ, ಹಲ್ಲ್ ಕೀಳೋ ಕೈಯಲ್ಲಿ ಕುಸ್ತೀನೂ ಬತ್ತದೆ ಅಂತಾರೆ, ನಮ್ಗೂ ವಸಿ ತೋರ್ಸಿ. ಅದಕ್ಕೆ ಮುಂಚೆ ಗುರು ಯಾರು ಹೇಳ್ಬುಡಿ," ಎಂದರು. ಡಾಕ್ಟ್ರು ಚಪ್ಪಲಿ ಬಿಟ್ಟು, ಮಣ್ಣು ಮುಟ್ಟಿ, ನೆಟ್ಟಗೆ ನಿಂತು, ತಮ್ಮ ಭಾಷೆಯಲ್ಲಿ ಒಂದು ಹೆಸರು ಹೇಳಿದರು. ಆಮೇಲೆ ಅವರ ಗುರುವಿನದು. ಆಮೇಲೆ ಅವರ ಗುರುವಿನದು. ಎಂಟೋ ಒಂಬತ್ತೋ ಹೆಸರು. ಅಲ್ಲಿದ್ದ ನಲವತ್ತು ಜನಕ್ಕೆ ಒಂದಕ್ಷರ ತಿಳಿಯಲಿಲ್ಲ. ಆದರೂ ಮೂರನೆಯ ಹೆಸರಿಗೆಲ್ಲ ಸಿದ್ದಪ್ಪನವರು ಕೈಮುಗಿದಿದ್ದರು. ಅವರನ್ನು ನೋಡಿ ಉಳಿದವರೂ ಮುಗಿದರು. ನಾನೂ ಮುಗಿದೆ. ಆಗ ನಾನೂ ಆ ಹೆಸರುಗಳ ಸಾಲಿನ ಕೊನೆಯಲ್ಲಿ ಎಲ್ಲೋ ನಿಂತಿದ್ದೇನೆ ಎಂದು ಹೊಳೆದು ಮೈ ಜುಮ್ಮೆಂದಿತ್ತು. ಇದನ್ನು ಯಾಕೆ ಬಿಡಿಸಿ ಹೇಳುತ್ತಿದ್ದೇನೆಂದರೆ, ಮುಂದೆ ಮಾಡಿದ್ದನ್ನು ನಾನು ಅರಿಯದೆ ಮಾಡಿದೆ ಎಂದು ನೀವು ರಿಯಾಯಿತಿ ತೋರಿಸಬಾರದು.

ಐದನೆಯ ವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಡಾಕ್ಟ್ರು ಹಾಲಿಲ್ಲದ ಟೀ ಮಾಡಿ, ಎರಡು ಬಟ್ಟಲು ಇಟ್ಟರು. ಒಂದಕ್ಕೆ ನನ್ನ ಕೈಯಿಂದ ಬಗ್ಗಿಸಿಕೊಂಡು ತಾವು ಕುಡಿದರು. ಇನ್ನೊಂದಕ್ಕೂ ಬಗ್ಗಿಸಲು ಹೇಳಿ, "ಇದು ನಮ್ ಮೇಷ್ಟ್ರದು," ಎಂದು ಪಕ್ಕಕ್ಕಿಟ್ಟರು. ಅದು ಆರಿದ ಮೇಲೆ ನುಗ್ಗೆ ಮರದ ಬುಡಕ್ಕೆ ಹಾಕಿ, "ಸೀನ, ಇನ್ ನೀನು ಕಲ್ಸಬೋದು," ಎಂದರು. ಅಷ್ಟೇ. ಸರ್ಟಿಫಿಕೇಟಿಲ್ಲ, ಸೀಲಿಲ್ಲ. ನಾನು ಅವತ್ತು ಮನೆಗೆ ನಡೆದುಕೊಂಡು ಬಂದ ಠೀವಿಗೆ ಸ್ಟೇಷನ್ ಮಾಸ್ತರರೂ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

ಅದೇ ವರ್ಷ ಚೀನಾದ ಜೊತೆ ಯುದ್ಧ ಶುರುವಾಯಿತು.

ಡಾಕ್ಟ್ರು ಬೋರ್ಡಿನ ಮೇಲಿದ್ದ 'ಚೈನಾ' ಎಂಬುದಕ್ಕೆ ತಾವೇ ಸ್ಟೂಲು ಹತ್ತಿ ಕಪ್ಪು ಬಣ್ಣ ಬಳಿದರು. ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಬೇಕು, ಊರು ಬಿಡಬೇಕಾದರೆ ಅಪ್ಪಣೆ ಚೀಟಿ ಬೇಕು ಎಂದಾಯಿತು. ಠಾಣೆಯವರು ಗೌರವವಾಗಿಯೇ ನಡೆಸಿಕೊಂಡರಂತೆ. ಊರಿನವರಲ್ಲಿ ಹಲವರು ಆ ರಸ್ತೆಯನ್ನೇ ಬಿಟ್ಟರು. ಹಮಾಲಿಗಳು ಮಾತ್ರ ಹಿತ್ತಲ ಬಾಗಿಲಿನಿಂದ ಬರುತ್ತಿದ್ದರು. ಅಪ್ಪ ಒಂದು ದಿನ ಊಟಕ್ಕೆ ಕೂತಾಗ, "ಸೀನ, ನಾಳೆಯಿಂದ ಆ ಕಡೆ ಹೋಗ್ಬೇಡ. ನಾನು ರೈಲ್ವೆ ನೌಕರ," ಎಂದರು. ಅಪ್ಪನ ಮೇಲೆ ಭಾರ ಹಾಕಿ ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡೆ. ನಿಜ ಏನೆಂದರೆ, ಅವರು ಹೇಳುವುದಕ್ಕೆ ಎರಡು ದಿನ ಮೊದಲೇ ನಾನು ಹೋಗುವುದನ್ನು ನಿಲ್ಲಿಸಿದ್ದೆ.

ಆ ಹೊತ್ತಿನಲ್ಲೇ ಹಳೇಬೀಡಿನ ಆಚೆಗಿನ ಒಂದು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು ಸೈನ್ಯಕ್ಕೆ ಸೇರಿ ಕೆಲಸ ಖಾಲಿಯಾಯಿತು. ನಾನು ಹೋದೆ. ಶಾಲೆಯ ಕಮಿಟಿ ಅಧ್ಯಕ್ಷರು ರಂಗೇಗೌಡರು. ತೆಂಗು, ಭತ್ತ, ರಾಗಿ ಎಲ್ಲವೂ ಇದ್ದ ಜಮೀನುದಾರರು. ಹುಡುಗನಾಗಿದ್ದಾಗ ಗರಡಿಯಲ್ಲಿ ಮಣ್ಣು ಹೊತ್ತವರು. ಹೆಡ್ಮಾಸ್ಟರು ಅವರ ಪಕ್ಕದಲ್ಲಿ ಕೂತಿದ್ದರು. ಶಾಲೆಯ ಅಂಗಳದಲ್ಲಿ ನಾನು ವರಸೆಗಳನ್ನು ಮಾಡಿ ತೋರಿಸಿದೆ. ತಳ್ಳಲು ಬಂದ ಇಬ್ಬರು ದಾಂಡಿಗರು ತಮ್ಮಷ್ಟಕ್ಕೆ ತಾವೇ ಹೋಗಿ ಬೇಲಿಯಲ್ಲಿ ಕೂತರು. ಗೌಡರಿಗೆ ಖುಷಿಯಾಯಿತು.

"ಭೇಷ್! ಇದ್ಯಾವ ಸೀಮೆ ಕಸರತ್ತಯ್ಯಾ? ನಾನ್ ಕಂಡಿಲ್ಲ. ಗುರು ಯಾರು, ಹೆಸರೇಳು."

ಹೆಸರು ನಾಲಗೆಯ ಮೇಲಿತ್ತು. ಹೆಡ್ಮಾಸ್ಟರ ಕೈಯಲ್ಲಿ ಅವತ್ತಿನ ಪೇಪರಿತ್ತು. ಅದರ ದಪ್ಪಕ್ಷರದ ಸುದ್ದಿ ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ನಾನು ಹಳೇಬೀಡಿನ ದೇವಸ್ಥಾನವಿದ್ದ ದಿಕ್ಕಿಗೆ ಕೈ ತೋರಿಸಿದೆ.

"ಹೊಯ್ಸಳರ ಕಾಲದ್ದು ಸ್ವಾಮಿ. ಹಳೇಬೀಡಿನ ಗೋಡೆ ಮೇಲೆಲ್ಲ ಇದೆ."

"ಹೌದಾ! ಕಲ್ಸಿದ್ಯಾರು ಮತ್ತೆ? ಗೋಡೆ ಕಲಿಸ್ತಾ?"

"ಒಬ್ಬರು ಸಾಧುಗಳು. ಹುಲಿಕೆರೆ ಕೊಳದ ಹತ್ರ ಇದ್ರು."

"ನಮ್ ಹುಲಿಕೇರೇಲಿ? ನನಗ್ ಗೊತ್ತಿಲ್ದಂಗೆ? ಈಗೆಲ್ಲವ್ರೆ?"

"ಹಿಮಾಲಯಕ್ಕೆ ಹೋದ್ರು ಸ್ವಾಮಿ."

ಹಿಮಾಲಯದಲ್ಲಿ ಆಗ ಏನು ನಡೆಯುತ್ತಿದೆ ಎಂಬುದು ಮಾತು ಹೊರಟ ಮೇಲೆ ನೆನಪಾಯಿತು. ಗೌಡರು ಹುಬ್ಬು ಗಂಟಿಕ್ಕಿ, "ಈಗ್ಲಾ? ಅಲ್ಲಿ ಯುದ್ಧ ನಡೀತಾ ಐತಲ್ಲಯ್ಯಾ!" ಎಂದರು.

"ಅದಕ್ಕೇ ಹೋದ್ರು," ಎಂದೆ.

ಗೌಡರು ಎದ್ದು ನಿಂತು ಉತ್ತರದಿಕ್ಕಿಗೆ ಕೈಮುಗಿದರು. ಹೆಡ್ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಗೌಡರು ನನ್ನನ್ನು ಹತ್ತಿರ ಕರೆದು, ಗಾಡಿಯಿಂದ ಬಿದ್ದು ಎತ್ತಲಾಗದ ತಮ್ಮ ಬಲತೋಳನ್ನು ತೋರಿಸಿ, "ನಿಮ್ ಸಾಧು ಇದಕ್ಕೇನಾದ್ರು ಹೇಳ್ಕೊಟ್ಟವ್ರಾ?" ಎಂದು ಕೇಳಿದರು. ಹೇಳಿಕೊಟ್ಟಿದ್ದರು. ಒಂದು ವಾರದಲ್ಲಿ ಗೌಡರು ಆ ತೋಳಿನಲ್ಲೇ ನನ್ನ ನೇಮಕದ ಕಾಗದಕ್ಕೆ ಸಹಿ ಹಾಕಿದರು.

ಹೀಗೆ ನಾನು ಹೊಯ್ಸಳ ವ್ಯಾಯಾಮದ ಅಧ್ಯಾಪಕನಾದೆ. ಸುಳ್ಳು ಹೇಳುವುದು ಒಂದು ಕ್ಷಣದ ಕೆಲಸ. ಅದಕ್ಕೆ ಸಾಮಾನು ಸರಂಜಾಮು ಒದಗಿಸುವುದು ವರ್ಷಗಟ್ಟಲೆಯದು. ಭಾನುವಾರವೆಲ್ಲ ನಾನು ಹಳೇಬೀಡು, ಬೇಲೂರು ದೇವಸ್ಥಾನಗಳ ಗೋಡೆ ಸುತ್ತುತ್ತ, ವರಸೆಗಳಿಗೆ ಹೆಸರು ಹುಡುಕತೊಡಗಿದೆ. ಡಾಕ್ಟ್ರ ಹುಲಿ ಹಿಡಿಯುವ ವರಸೆ 'ಸಳನ ಪಟ್ಟು' ಆಯಿತು. ಕೊಕ್ಕರೆ ರೆಕ್ಕೆ ಬಿಚ್ಚುವುದು 'ಗರುಡ' ಆಯಿತು. ಮೋಡ ಸರಿಸಿದಂತೆ ಅಂಗೈಯನ್ನು ಮುಖದ ಮುಂದೆ ಹಾಯಿಸುವ ಒಂದು ವರಸೆಯಿತ್ತು. ಅದಕ್ಕೆ ಬೇಲೂರಿನ ಕನ್ನಡಿ ಹಿಡಿದ ಮದನಿಕೆಯನ್ನು ನೆನೆದು 'ದರ್ಪಣಸುಂದರಿ' ಎಂದೆ. ಮಾದಿಹಳ್ಳಿಯಿಂದ ಬರುತ್ತಿದ್ದ ಮೀಸೆ ಚಿಗುರಿದ ಹುಡುಗರು ದರ್ಪಣಸುಂದರಿಯರಾಗಿ ಸಾಲಾಗಿ ನಿಂತದ್ದನ್ನು ನೋಡಬೇಕಿತ್ತು. ಕಂದು ಔಷಧಿಗೆ 'ಶಾಂತಲಾ ತೈಲ' ಎಂಬ ಹೆಸರು ಬಂತು. ಬೇಲೂರಿನ ಗೈಡ್ ಒಬ್ಬ ಯಾತ್ರಿಕರಿಗೆ, ಈ ಮದನಿಕೆ ಅಲಂಕಾರ ಮಾಡಿಕೊಳ್ಳುತ್ತಿಲ್ಲ, ಕುಸ್ತಿಗೆ ಸಿದ್ಧಳಾಗುತ್ತಿದ್ದಾಳೆ ಎಂದು ವಿವರಿಸುತ್ತಿದ್ದುದನ್ನು ನಾನೇ ಕಿವಿಯಾರೆ ಕೇಳಿದೆ. ನಕ್ಕುಬಿಡಬಹುದಾದದ್ದು. ಅವತ್ತು ನಗು ಬರಲಿಲ್ಲ. ಕಂಬದ ಹಿಂದೆ ಸರಿದು ನಿಂತೆ.

ಎರಡು ವರ್ಷದ ಮೇಲೆ, ಒಂದು ಶನಿವಾರದ ಬೆಳಿಗ್ಗೆ, ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತಿದ್ದಾಗ ಜಾವಗಲ್ಲಿನ ಕಡೆಯ ಬಸ್ಸಿನಿಂದ ಡಾಕ್ಟ್ರು ಇಳಿದರು. ಬಿಳಿ ಷರ್ಟು, ಕೈಯಲ್ಲಿ ಕೊಡೆ. ಜೇಬಿನಲ್ಲಿ ಮಡಿಸಿಟ್ಟ ಅಪ್ಪಣೆ ಚೀಟಿಯ ಅಂಚು ಕಾಣುತ್ತಿತ್ತು. ಒಂದು ದಿನದ ಚೀಟಿ ಪಡೆದು, ಅದನ್ನು ನನ್ನನ್ನು ನೋಡುವುದಕ್ಕೆ ಖರ್ಚು ಮಾಡಿದ್ದರು. ಬೇಲಿಯ ಪಕ್ಕ ನಿಂತು ಮಕ್ಕಳ ಕೈಗಳನ್ನು, ಕಾಲುಗಳನ್ನು ನೋಡುತ್ತಿದ್ದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಮೊದಲು ಕಂಡಿರಲಿಲ್ಲ.

ಹೆಡ್ಮಾಸ್ಟರು ಹೊರಗೆ ಬಂದರು. "ಯಾರ್ರೀ ಇವರು?"

ಈಗ ಹೇಳಬಹುದಿತ್ತು. ಯುದ್ಧ ಮುಗಿದಿತ್ತು, ಕೆಲಸ ಕಾಯಂ ಆಗಿತ್ತು, ಗೌಡರ ತೋಳು ಆಡುತ್ತಿತ್ತು. "ನಮ್ಮೂರಿನ ಹಲ್ಲಿನ ಡಾಕ್ಟ್ರು ಸಾರ್. ದೇವಸ್ಥಾನ ನೋಡೋಕೆ ಬಂದಿದ್ದಾರೆ," ಎಂದೆ.

ಹೆಡ್ಮಾಸ್ಟರಿಗೆ ಹಲ್ಲುನೋವಿತ್ತು. ತಕ್ಷಣ ಬಾಯಿ ತೆರೆದರು. ಡಾಕ್ಟ್ರು ಬಿಸಿಲಿಗೆ ಅವರ ಮುಖ ತಿರುಗಿಸಿ, ಗಂಭೀರವಾಗಿ ನೋಡಿ, "ಲವಂಗ ಇಟ್ಕಳ್ಳಿ. ಅರಸೀಕೆರೆಗೆ ಬನ್ನಿ," ಎಂದರು. ಬಾಯಿ ಮುಚ್ಚಿದ ಮೇಲೆ ಹೆಡ್ಮಾಸ್ಟರು ಅಭಿಮಾನದಿಂದ ಮಕ್ಕಳ ಕಡೆ ಕೈಮಾಡಿ, "ನೋಡಿ ಡಾಕ್ಟ್ರೇ, ಇದು ನಮ್ಮ ಹೊಯ್ಸಳರ ವಿದ್ಯೆ. ಹುಲಿಕೆರೆ ಸಾಧುಗಳಿಂದ ನಮ್ಮ ಮೇಷ್ಟ್ರಿಗೆ ಬಂದದ್ದು. ನಿಮ್ಮ ಕಡೆ ಇಂಥದ್ದು ಏನಾದ್ರೂ ಉಂಟಾ?" ಎಂದು ಕೇಳಿದರು.

ಡಾಕ್ಟ್ರು ನನ್ನನ್ನು ನೋಡಿದರು. ನಾನು ನನ್ನ ಸೀಟಿಯನ್ನು ನೋಡಿಕೊಂಡೆ.

"ಇಲ್ಲ ಸ್ವಾಮಿ," ಎಂದರು ಅವರು. "ಬಾಳ ಚೆನ್ನಾಗೈತೆ."

"ಹಾಗಾದ್ರೆ ನೀವೂ ಒಂದೆರಡು ಕಲ್ತುಕೊಂಡು ಹೋಗಿ. ಮೇಷ್ಟ್ರೇ, ಡಾಕ್ಟ್ರಿಗೆ ಹೇಳ್ಕೊಡ್ರೀ!"

ಅವರು ಕೊಡೆಯನ್ನು ಬೇಲಿಗೆ ತಗುಲಿಸಿ, ಚಪ್ಪಲಿ ಬಿಟ್ಟು, ಕೊನೆಯ ಸಾಲಿನ ಕೊನೆಗೆ ಹೋಗಿ ನಿಂತರು. ನಾನು ಮುಂದೆ ನಿಂತು ಸೀಟಿ ಊದಿದೆ. ದರ್ಪಣಸುಂದರಿ. ನನ್ನ ಗುರು ಕೈ ಎತ್ತಿದರು, ತಪ್ಪಾಗಿ. ಎಡಗೈ ಬರಬೇಕಾದಲ್ಲಿ ಬಲಗೈ. ಹೆಜ್ಜೆ ತಿರುಗಿಸುವಾಗ ತೂರಾಡಿ, ಪಕ್ಕದ ಹುಡುಗನ ಭುಜ ಹಿಡಿದುಕೊಂಡರು. ಹುಡುಗರು ಕಿಸಕ್ಕನೆ ನಕ್ಕರು. ಹೆಡ್ಮಾಸ್ಟರು, "ಪರವಾಗಿಲ್ಲ ಡಾಕ್ಟ್ರೇ, ಹೊಸಬರಿಗೆ ಹಾಗೇ ಆಗೋದು," ಎಂದು ಹುರಿದುಂಬಿಸಿದರು. ಸಳನ ಪಟ್ಟಿನಲ್ಲಿ ಡಾಕ್ಟ್ರು ಕೂತೇಬಿಟ್ಟರು. ಎದ್ದು ಮಣ್ಣು ಕೊಡವಿಕೊಂಡು ಅವರೂ ನಕ್ಕರು. ಹತ್ತು ನಿಮಿಷ ಹೀಗೆ. ಆ ಪಾದಗಳು ಕಣ್ಣು ಮುಚ್ಚಿಕೊಂಡರೂ ಒಂದಂಗುಲ ತಪ್ಪುವಂಥವಲ್ಲ ಎಂಬುದು ಆ ಅಂಗಳದಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನನ್ನ ಸುಳ್ಳಿಗೆ ಎಲ್ಲೂ ಬಿರುಕು ಬೀಳದಿರಲೆಂದು ಅವರು ಅಷ್ಟು ಕಾಳಜಿಯಿಂದ ಬೀಳುತ್ತಿದ್ದರು. ನಾನು ಸೀಟಿ ಊದುತ್ತಲೇ ಇದ್ದೆ. "ಬೆನ್ನು ನೆಟ್ಟಗೆ!" ಎಂದು ಒಮ್ಮೆ ಕೂಗಿದೆ ಕೂಡ.

ಮಧ್ಯಾಹ್ನದ ಬಸ್ಸಿಗೆ ಬಿಡಲು ಹೋದೆ. ಬಸ್ಸು ಕಾಣಿಸಿದಾಗ ಅವರು, "ಎಡಗಾಲು ಕಣೋ ಸೀನ. ಹುಡುಗ್ರು ಎಡಗಾಲ್ ಮೇಲೆ ಭಾರ ಹಾಕ್ತಿಲ್ಲ," ಎಂದರು. ನಾನು ತಲೆ ತಗ್ಗಿಸಿದೆ. "ನಿಂದಲ್ಲ ತಪ್ಪು. ನಾನ್ ನಿಂಗೆ ಸರಿಯಾಗ್ ಹೇಳಿರ್ಲಿಲ್ಲ," ಎಂದು ಹೇಳಿ, ಕೊಡೆಯನ್ನು ಬಗಲಿಗಿಟ್ಟುಕೊಂಡು, "ಬತ್ತೀನಿ," ಎಂದು ಹತ್ತಿದರು. ಎಡಗಾಲಿನ ವಿಷಯವನ್ನು ಅವರು ನನಗೆ ಕಡಿಮೆಯೆಂದರೆ ಐನೂರು ಸಲ ಹೇಳಿದ್ದರು.

ತಪ್ಪಾಯಿತು ಎಂಬ ಒಂದು ಮಾತು ಬಾಯಿಗೆ ಬಂದಿತ್ತು. ಕಂಡಕ್ಟರು ಸೀಟಿ ಊದಿದ.

ಮುಂದಿನ ರಜದಲ್ಲಿ ಅರಸೀಕೆರೆಗೆ ಹೋದಾಗ ಡಾಕ್ಟ್ರ ಅಂಗಡಿಯಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದರು. ಡಾಕ್ಟ್ರು ಕಲ್ಕತ್ತೆಗೆ, ನೆಂಟರ ಬಳಿಗೆ ಹೊರಟುಹೋದರೆಂದು ಪಕ್ಕದ ದರ್ಜಿ ಹೇಳಿ, ಅವರ ವಿಳಾಸ ಬರೆದುಕೊಟ್ಟ. ಆ ವಿಳಾಸವನ್ನು ಗೆದ್ದಲು ತಿಂದಿತು ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ತಿನ್ನಲಿಲ್ಲ. ಇವತ್ತಿಗೂ ನನ್ನ ಪೆಟ್ಟಿಗೆಯಲ್ಲಿದೆ. ಮೊದಮೊದಲು ಚೀನಾದವರಿಗೆ ಕಾಗದ ಬರೆದರೆ ಯಾರಾದರೂ ಕೇಳಿಯಾರು ಎಂಬ ಭಯ. ಆಮೇಲೆ ಇಷ್ಟು ತಡವಾಗಿ ಹೇಗೆ ಬರೆಯುವುದು ಎಂಬ ಸಂಕೋಚ. ಸಂಕೋಚಕ್ಕೆ ಭಯಕ್ಕಿಂತ ಆಯುಸ್ಸು ಜಾಸ್ತಿ. ಡಾಕ್ಟ್ರು ಬದುಕಿದ್ದರೆ ಈಗ ನೂರು ದಾಟಿರಬೇಕು.

ಮೂವತ್ತೇಳು ವರ್ಷ ಹೊಯ್ಸಳ ವ್ಯಾಯಾಮ ಕಲಿಸಿ ನಿವೃತ್ತನಾದೆ. ಅರಸೀಕೆರೆಗೆ ಬಂದು ಮನೆ ಮಾಡಿದ ಮೇಲೂ ಬೆಳಿಗ್ಗೆ ಮೈದಾನದಲ್ಲಿ ಹತ್ತು ಹನ್ನೆರಡು ಜನ ಸೇರುತ್ತಾರೆ. ಎಲ್ಲರೂ ಮಂಡಿನೋವಿನವರು, ಸಕ್ಕರೆ ಕಾಯಿಲೆಯವರು. ಹಲ್ಲು ಕೀಳಿಸಿಕೊಂಡು ಬಂದ ಮೂರನೆಯ ದಿನ, ಅಭ್ಯಾಸ ಮುಗಿದ ಮೇಲೆ, "ಎಲ್ಲರೂ ಸ್ವಲ್ಪ ಕೂತ್ಕೊಳ್ಳಿ. ಒಂದು ವಿಷಯ ಹೇಳ್ಬೇಕು," ಎಂದೆ.

"ಫೀಸ್ ಗೀಸ್ ಶುರು ಮಾಡ್ತಿದ್ದೀರಾ ಮೇಷ್ಟ್ರೇ?" ಎಂದ ನಂಜುಂಡಪ್ಪ. ಅವನು ರಿಟೈರಾದ ಬಸ್ ಕಂಡಕ್ಟರು.

"ಹುಲಿಕೆರೆ ಸಾಧು ಇರಲಿಲ್ಲ," ಎಂದೆ.

"ಅಯ್ಯೋ ಪಾಪ. ಯಾವಾಗ ತೀರ್ಕಂಡ್ರು?"

"ತೀರ್ಕೊಳ್ಳಲಿಲ್ಲಪ್ಪ. ಹುಟ್ಟಲೇ ಇಲ್ಲ. ನಾನು ಹೇಳಿದ ಸುಳ್ಳು."

ಆಮೇಲೆ ಎಲ್ಲವನ್ನೂ ಹೇಳಿದೆ: ಹಿತ್ತಲು, ನುಗ್ಗೆ ಮರ, ಯುದ್ಧ, ರಂಗೇಗೌಡರು, ಆ ಶನಿವಾರ. ಹಲ್ಲಿಲ್ಲದ ಬಾಯಲ್ಲಿ ಮಾತು ಅಲ್ಲಲ್ಲಿ ಜಾರಿತು. ಮುಗಿಸಿ, ತಲೆ ಎತ್ತಲು ಧೈರ್ಯವಾಗದೆ ಹುಲ್ಲು ನೋಡುತ್ತ ಕೂತೆ. ನಾಳೆಯಿಂದ ಯಾರೂ ಬರುವುದಿಲ್ಲ ಎಂದು ಖಚಿತವಾಗಿತ್ತು.

"ಅಷ್ಟೇನಾ?" ಎಂದ ನಂಜುಂಡಪ್ಪ. "ಮೇಷ್ಟ್ರೇ, ನಾನು ಬೇಲೂರು ಹಳೇಬೀಡು ರೂಟಲ್ಲಿ ಹದಿನೆಂಟ್ ವರ್ಷ ಟಿಕೆಟ್ ಹರ್ದೋನು. ದಿನಾ ಆ ಗುಡಿ ಮುಂದೇನೇ ಟೀ ಕುಡೀತಿದ್ದೆ. ಒಂದ್ ಬೊಂಬೇನೂ ನೀವ್ ನಿಂತಂಗೆ ನಿಂತಿಲ್ಲ. ನಂಗ್ ಮೊದ್ಲೇ ಡೌಟಿತ್ತು."

"ಮತ್ತೆ ಯಾಕಯ್ಯಾ ಕೇಳಲಿಲ್ಲ?"

"ಮಂಡಿನೋವು ಹೋಯ್ತಲ್ಲ! ಹೋದ್ ಮೇಲೆ ಯಾರ್ ಕಲ್ಸಿದ್ರೆ ಏನು ಅಂತ ಸುಮ್ಕಾದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅರವತ್ತು ವರ್ಷ ಹೊತ್ತುಕೊಂಡು ತಿರುಗಿದ್ದನ್ನು ಈ ಜನ ಹುಲ್ಲಿನ ಮೇಲೆ ಕೂತು, ಕಡಲೆಕಾಯಿ ಸಿಪ್ಪೆಯಂತೆ ಸುಲಿದು ಪಕ್ಕಕ್ಕೆ ಹಾಕಿದರು. ಎದೆ ಹಗುರವಾದದ್ದು ಮೈಗೇ ತಿಳಿಯಿತು. ಹದಿನೇಳರ ವಯಸ್ಸಿನಲ್ಲಿ ಉಬ್ಬಸ ಬಿಟ್ಟಾಗಲೂ ಹೀಗೇ ಆಗಿತ್ತು.

ನಗದೆ ಕೂತಿದ್ದವರು ಸರೋಜಮ್ಮ ಒಬ್ಬರೇ. ಪ್ರೈಮರಿ ಸ್ಕೂಲಿನಲ್ಲಿ ಮೇಡಂ ಆಗಿದ್ದವರು. ನಗು ನಿಂತ ಮೇಲೆ, ಹಾಜರಿ ಪುಸ್ತಕ ಮುಂದಿಟ್ಟುಕೊಂಡವರ ದನಿಯಲ್ಲಿ ಕೇಳಿದರು.

"ಯಾರು ಕಲ್ಸಿದ್ರೆ ಏನು ಅಂತೀರಲ್ಲ ನಂಜುಂಡಪ್ಪನೋರೇ, ಮೇಷ್ಟ್ರು ಹೇಳಿದ್ದೇ ಯಾರು ಕಲ್ಸಿದ್ರು ಅನ್ನೋದನ್ನ. ಇಷ್ಟೊತ್ತೂ ಡಾಕ್ಟ್ರು ಡಾಕ್ಟ್ರು ಅಂತಾನೇ ಹೇಳಿದ್ರಿ ಮೇಷ್ಟ್ರೇ. ಅವರ ಹೆಸರೇನು?"

ರಂಗೇಗೌಡರ ಮುಂದೆ ನುಂಗಿದ ಮೇಲೆ ಆ ಹೆಸರನ್ನು ನಾನು ಯಾರೆದುರೂ ಉಚ್ಚರಿಸಿರಲಿಲ್ಲ, ಒಬ್ಬನೇ ಇದ್ದಾಗಲೂ. ಮರೆತಿದ್ದೇನೆಯೇ ಎಂದು ಒಂದು ಕ್ಷಣ ಗಾಬರಿಯಾಯಿತು. ಮರೆತಿರಲಿಲ್ಲ. ಎದ್ದು ನಿಂತು ಅವರಿಗೆ ಹೇಳಿದೆ. ಸರೋಜಮ್ಮ ಸರಿಯಾಗಿ ಬರುವವರೆಗೆ ಎಲ್ಲರ ಬಾಯಲ್ಲೂ ಎರಡೆರಡು ಸಲ ಹೇಳಿಸಿದರು. ಡಾಕ್ಟ್ರ ಮುಂದೆ ನಿಂತು ಕೇಳಬೇಕಾಗಿದ್ದ ಕ್ಷಮೆಯನ್ನು ಬೇರೆ ಯಾರೂ ಕೊಡಲಾರರು, ಅದು ನನಗೆ ಗೊತ್ತು. ನನಗೆ ಉಸಿರಾಡಲು ಕಲಿಸಿದವರು, ನಾನು ಸೀಟಿ ಊದಿದಾಗ ಕೊನೆಯ ಸಾಲಿನಲ್ಲಿ ನಿಂತು ಬಿದ್ದವರು, ಚೆನ್ ತೆ ಶಾನ್.